ಬಾಯಿಗೂಡಿದ ಕಾರು

ನಮ್ಮ ತಂದೆಯವರು ಎತ್ತು ಕೊಳ್ಳುವುದಕ್ಕೆ ಬೂಕನಬೆಟ್ಟದ ಜಾತ್ರೆಗೆ ಹೋಗುವಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಕರೆದುಕೊಂಡು ಹೋಗುತ್ತಿದ್ದುದು ನನಗೆ ಬುದ್ಧಿ ಕಲಿಸುವುದಕ್ಕೋ, ಇಲ್ಲ ಬುತ್ತಿಯ ಗಂಟು ಹೊರಿಸುವುದಕ್ಕೋ ಎಂಬುದು ನನಗೆ ಇಂದಿಗೂ ತೀರ್ಮಾನವಾಗಿಲ್ಲ. ಅವರು ಎತ್ತಿನ ಸುತ್ತ ಮೂರು ಸಲ ತಿರುಗಿ, ಸುಳಿ ನೋಡಿ, ಬಾಲ ಎತ್ತಿ ನೋಡಿ, ಕೊನೆಗೆ ಅದರ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ಎತ್ತಿನ ವಯಸ್ಸು ತಿಳಿಯುತ್ತಿತ್ತು. ಎಂಟೂ ಹಲ್ಲು ಬಂದುಬಿಟ್ಟರೆ ಅದು ಬಾಯಿಗೂಡಿದ ಎತ್ತು. ಆಮೇಲೆ ಅದರ ವಯಸ್ಸು ಐದೋ ಹತ್ತೋ ಹೇಳಬೇಕಾದವನು ಮಾರುವವನು, ನಂಬಬೇಕಾದವರು ನಾವು. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುವಾಗ ತಂದೆಯವರು ಬಾಯಿಗೂಡಿದ ಎತ್ತಿಗೆ ಒಂದು ಬೆರಳು ಕಡಿಮೆಯೇ ಹಿಡಿಯುತ್ತಿದ್ದರು. ಕೊಂಡು ಮನೆಗೆ ತಂದ ಮೇಲೆ ಮಾತ್ರ ಅದನ್ನೇ ಹೆಚ್ಚು ನಂಬುತ್ತಿದ್ದರು. "ಎಳೇದು ಹೊಲದಾಗೆ ಏನು ಮಾಡ್ತದೋ ಗೊತ್ತಿಲ್ಲ, ಇದು ಮಾಡಿ ತೋರ್ಸೈತೆ" ಎನ್ನುವುದು ಅವರ ವಾದ.

ಈ ಹಳೆಯ ಸಂಗತಿ ನೆನಪಾಗಲು ಕಾರಣ ನನ್ನ ಸೋದರಳಿಯ. 2023ರ ಜೂನ್ ತಿಂಗಳ ಒಂದು ಸಂಜೆ ಚನ್ನರಾಯಪಟ್ಟಣದ ನಮ್ಮ ಮನೆಯ ಮುಂದೆ ಒಂದು ಬಿಳಿಯ ಕಾರು ಬಂದು ನಿಂತಿತು. ಬಂದದ್ದು ಗೊತ್ತೇ ಆಗಲಿಲ್ಲ, ಅಷ್ಟು ಸದ್ದಿಲ್ಲ. ಜಗಲಿಯ ಮೇಲೆ ಪತ್ರಿಕೆ ಓದುತ್ತಿದ್ದ ನಾನು ತಲೆ ಎತ್ತಿದಾಗ ಕಾರಿನ ಮೂತಿ ನನ್ನ ಚಪ್ಪಲಿಯ ಹತ್ತಿರ ಇತ್ತು. ಹಸಿರು ನಂಬರ್ ಫಲಕ, ಅದರ ಮೇಲೆ ಹಳದಿ ಅಕ್ಷರ. ಎಂದರೆ ವಿದ್ಯುತ್ ಕಾರು, ಅದರಲ್ಲೂ ಬಾಡಿಗೆಯದು.

"ಹೆಂಗಿದೆ ಮಾವ?" ಎಂದ.

"ಎಷ್ಟು ಓಡಿದೆ?" ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಮೂವತ್ತೆಂಟು" ಎಂದ. ಒಳಗೆ ಬಗ್ಗಿ ನೋಡಿದೆ. ಪರದೆಯ ಮೇಲೆ 1,38,412 ಕಿಲೋಮೀಟರು ಎಂದಿತ್ತು. ಮೂರು ವರ್ಷ ಬೆಂಗಳೂರಿನಲ್ಲಿ ವಿಮಾನ ನಿಲ್ದಾಣಕ್ಕೆ ಜನರನ್ನು ಹೊತ್ತ ಕಾರು. ದಿನಕ್ಕೆ ಎರಡು ಸಲ ದೊಡ್ಡ ಚಾರ್ಜರಿಗೆ ಸಿಕ್ಕಿಸಿ ಗಬಗಬನೆ ಕರೆಂಟು ಕುಡಿಸಿದ್ದಾರೆ, ಮತ್ತೆ ಓಡಿಸಿದ್ದಾರೆ. ನನ್ನ ಬಾಯಿಂದ ತಂದೆಯವರ ಮಾತು ಬಂದೇಬಿಟ್ಟಿತು: "ಇದು ಬಾಯಿಗೂಡಿದೆ ಕಣೋ."

ಅವನು ಅದನ್ನು ನೋಡಿಬರಲು ತಂದಿದ್ದ, ಇನ್ನೂ ಕೊಂಡಿರಲಿಲ್ಲ. ಬೆಲೆ 6,80,000 ರೂಪಾಯಿ. ಎರಡು ಲಕ್ಷ ನಾನು ಕೊಟ್ಟರೆ ಉಳಿದದ್ದನ್ನು ಸಾಲ ಮಾಡುತ್ತೇನೆ ಎಂಬುದು ಅವನ ಲೆಕ್ಕ.

ಕಾರು ಯಾಕೆ ಬೇಕಾಗಿತ್ತು ಎಂಬುದನ್ನು ಹೇಳಬೇಕು. ನನ್ನ ಅಕ್ಕನಿಗೆ ಎರಡೂ ಮೂತ್ರಪಿಂಡ ಕೈಕೊಟ್ಟು ಆಗ ಎಂಟು ತಿಂಗಳಾಗಿತ್ತು. ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಹಾಸನದ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಡಯಾಲಿಸಿಸ್. ಇಲ್ಲಿಂದ ಹಾಸನಕ್ಕೆ 37 ಕಿಲೋಮೀಟರು. ಹೋಗುವಾಗ ಅಕ್ಕ ಮಾತಾಡಿಕೊಂಡು ಹೋಗುತ್ತಾಳೆ, ಬರುವಾಗ ಹಿಂಡಿದ ಬಟ್ಟೆಯ ಹಾಗೆ ಬರುತ್ತಾಳೆ. ತಾಯಿ ತೀರಿಕೊಂಡಾಗ ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿನೈದು. ನನ್ನ ತಲೆಗೆ ಎಣ್ಣೆ ಹಚ್ಚಿ ಶಾಲೆಗೆ ಕಳಿಸಿದವಳು ಅವಳು. ಭಾವನವರು ಹೋಗಿ ಬಹಳ ಕಾಲವಾಯಿತು. ಇದ್ದೊಂದು ಮಗ ಇವನು. ತೆಂಗಿನ ಸೀಮೆಯಲ್ಲಿ ಹುಟ್ಟಿ ತೆಂಗಿನ ತೋಟದಲ್ಲೇ ಎಪ್ಪತ್ತು ವರ್ಷ ಬದುಕಿದ ಅಕ್ಕ ಈಗ ಒಂದು ಲೋಟ ಎಳನೀರು ಕುಡಿಯುವ ಹಾಗಿಲ್ಲ. ಅದರಲ್ಲಿರುವ ಪೊಟ್ಯಾಸಿಯಂ ಆ ಕಾಯಿಲೆಯವರ ಹೃದಯಕ್ಕೆ ವಿಷ. ಊರಿಗೆಲ್ಲ ಡಾಕ್ಟರು ಬರೆದುಕೊಡುವ ಔಷಧಿ ನನಗೆ ಮಾತ್ರ ಆಗದಂತೆ ಎಂದು ಅವಳೇ ನಗುತ್ತಿದ್ದಳು.

ಬಾಡಿಗೆ ಕಾರಿಗೆ ಕಾಯುವ ಖರ್ಚೂ ಸೇರಿ ಒಂದು ಸಲಕ್ಕೆ 1,800 ರೂಪಾಯಿ. ತಿಂಗಳಿಗೆ ಹದಿನೈದು ಸಾವಿರ ಮುಟ್ಟುತ್ತಿತ್ತು. ಕಾರನ್ನೇ ಕೊಂಡು, ಸೋಮವಾರ ಗುರುವಾರ ಅವ್ವನಿಗೆ, ಮಿಕ್ಕ ದಿನ ಶ್ರವಣಬೆಳಗೊಳಕ್ಕೆ ಬರುವ ಯಾತ್ರಿಕರಿಗೆ, ಮದುವೆಗೆ, ಬೆಂಗಳೂರಿಗೆ ಎಂದು ಓಡಿಸುತ್ತೇನೆ ಎಂದು ಅಳಿಯ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಇದ್ದದ್ದು ನನ್ನ ತಲೆಯಲ್ಲಿ. ಬ್ಯಾಟರಿ ಎಂದರೆ ನನಗೆ ಗೊತ್ತಿದ್ದದ್ದು ನಮ್ಮ ಮನೆಯ ಅಡಿಗೆಕೋಣೆಯ ಪಕ್ಕ ಕೂತಿರುವ ಇನ್‌ವರ್ಟರಿನ ಬ್ಯಾಟರಿ. ಮೊದಲ ವರ್ಷ ಐದು ಗಂಟೆ ದೀಪ ಉರಿಸುತ್ತದೆ, ಎರಡನೆಯ ವರ್ಷ ಮೂರು ಗಂಟೆ, ಮೂರನೆಯ ವರ್ಷ ಡಿಸ್ಟಿಲ್ಡ್ ನೀರು ಕುಡಿಯುವುದನ್ನು ಬಿಟ್ಟು ಇನ್ನೇನನ್ನೂ ಮಾಡುವುದಿಲ್ಲ. ನಾಲ್ಕನೆಯ ವರ್ಷ ಹಳೆಯ ಸೀಸದ ಬೆಲೆಗೆ ಹೋಗುತ್ತದೆ. ಹಾಗಿರುವಾಗ ಮೂರು ವರ್ಷ ದುಡಿದ ಬ್ಯಾಟರಿಗೆ ಏಳು ಲಕ್ಷವೆ?

ಇನ್ನೊಂದು ಕಾರಣವೂ ಇತ್ತು. 2001ರಲ್ಲಿ ಚೇತನ್ ಮೈನಿಯವರ ರೇವಾ ಕಾರು ಬೆಂಗಳೂರಿನ ರಸ್ತೆಗೆ ಇಳಿದಾಗ ನಾನು ಜಯನಗರದಲ್ಲಿ ಅದನ್ನು ಕಂಡು ಬೆರಗಾಗಿ ಬಸ್ಸು ತಪ್ಪಿಸಿಕೊಂಡವನು. ಬೆಂಕಿಪೊಟ್ಟಣಕ್ಕೆ ಚಕ್ರ ಕಟ್ಟಿದ ಹಾಗಿತ್ತು. ನಮ್ಮ ಬೆಂಗಳೂರಿನ ಈ ಕೂಸು 2004ರ ಹೊತ್ತಿಗೆ ಲಂಡನ್ನಿನಲ್ಲಿ 'ಜಿ-ವಿಜ್' ಎಂಬ ಹೆಸರು ಇಟ್ಟುಕೊಂಡು ಓಡಾಡಿತು, 2010ರಲ್ಲಿ ಸಂಸ್ಥೆ ಮಹೀಂದ್ರಾದವರ ಪಾಲಾಯಿತು. ಆದರೆ ಮೊದಲ ರೇವಾಗಳ ಹೊಟ್ಟೆಯಲ್ಲಿದ್ದುದೂ ಸೀಸದ ಬ್ಯಾಟರಿಯೇ, ಆರಾರು ವೋಲ್ಟಿನ ಎಂಟು. ಅವಕ್ಕೂ ನಮ್ಮ ಇನ್‌ವರ್ಟರಿನ ಬ್ಯಾಟರಿಗೂ ಒಂದೇ ಜಾತಿ, ಒಂದೇ ಜಾತಕ. ಕೆಲವು ವರ್ಷಕ್ಕೊಮ್ಮೆ ಅಷ್ಟನ್ನೂ ಬದಲಾಯಿಸಬೇಕು. ವಿದ್ಯುತ್ ಕಾರಿನ ಆಯಸ್ಸು ಇಷ್ಟೇ ಎಂದು ನಾನು ಅವತ್ತೇ ಮನಸ್ಸಿನಲ್ಲಿ ಷರಾ ಬರೆದುಬಿಟ್ಟಿದ್ದೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಒಂದು ಸಲ ಕೆಂಪು ಶಾಯಿಯಲ್ಲಿ ಬರೆದದ್ದನ್ನು ಮೇಷ್ಟ್ರುಗಳು ಸುಲಭವಾಗಿ ಅಳಿಸುವುದಿಲ್ಲ.

ದುಡ್ಡು ಕೊಡುವುದಿಲ್ಲ ಎಂದೆ. ಬ್ಯಾಟರಿ ಹೋದರೆ ಕಾರೂ ಹೋಯಿತು, ಸಾಲವೂ ಉಳಿಯಿತು, ನಿಮ್ಮ ಅಮ್ಮ ಹಾಸನಕ್ಕೆ ಹೋಗುವುದು ಹೇಗೆ ಎಂದೆ. ಅವನು ಮರುಮಾತಾಡದೆ ಕಾರು ಹಿಂದಕ್ಕೆ ತೆಗೆದುಕೊಂಡು ಹೋದ. ಆಗಲೂ ಸದ್ದಾಗಲಿಲ್ಲ.

ಎಂಟು ದಿನ ಕಳೆದ ಮೇಲೆ ಅಕ್ಕನ ಮನೆಯ ಮುಂದೆ ಅದೇ ಕಾರು ನಿಂತಿತ್ತು, ಮೂತಿಗೆ ಬೇವಿನ ಸೊಪ್ಪು, ಚೆಂಡುಹೂವಿನ ಹಾರ. ಒಳಗೆ ಹೋದರೆ ಅಕ್ಕನ ಕೊರಳು ಬರಿದಾಗಿತ್ತು. ಎರಡೆಳೆ ಸರ ಸೊಸೈಟಿಗೆ ಹೋಗಿ ಕೂತಿತ್ತು. "ಅಡ ಇಟ್ಟಿದೀನಿ ಕಣೋ, ಮಾರಿಲ್ಲ" ಎಂದಳು, ನಾನು ಕೇಳುವ ಮೊದಲೇ. ನನ್ನ ಮುಖ ನೋಡಿ, "ನೀನು ಹೇಳಿದ್ದೂ ಸರೀನೇ ಬಿಡು" ಎಂದೂ ಸೇರಿಸಿದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಅವತ್ತು ರಾತ್ರಿ ನಾನು ಒಂದು ನೂರು ಪುಟದ ನೋಟ್‌ಬುಕ್ ತೆಗೆದು ಮೊದಲ ಪುಟದಲ್ಲಿ 1,38,960 ಎಂದು ಬರೆದೆ. ದುಡ್ಡು ಕೊಡದವನು ಲೆಕ್ಕವನ್ನಾದರೂ ಇಡಬೇಡವೆ? ಎಷ್ಟು ಚಾರ್ಜು, ಎಷ್ಟು ಓಡಿತು, ಏನು ಕೆಟ್ಟಿತು, ಏನು ಖರ್ಚು. ಕಾರು ಸೋಲುತ್ತದೆ ಎಂದು ಅಂಕಿಸಂಖ್ಯೆಯ ಸಮೇತ ತೋರಿಸುವ ಚಪಲ ಒಳಗೊಳಗೆ ಇತ್ತೆಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಲೆಕ್ಕ ಇಡಲು ಹೊರಟವನು ಪಾಠವನ್ನೂ ಓದಬೇಕಾಯಿತು. ಈ ಕಾರಿನ ಹೊಟ್ಟೆಯಲ್ಲಿರುವುದು ಸೀಸವಲ್ಲ, ಲಿಥಿಯಂ. ಲಿಥಿಯಂ ಬ್ಯಾಟರಿಯನ್ನು ಅಂಗಡಿಗೆ ತಂದವರು ಸೋನಿ ಕಂಪನಿಯವರು, 1991ರಲ್ಲಿ. ಅದರಲ್ಲೂ ಈ ಕಾರಿನದು ಕಬ್ಬಿಣ ಮತ್ತು ರಂಜಕ ಸೇರಿದ ಜಾತಿ, ಎಲ್.ಎಫ್.ಪಿ. ಎನ್ನುತ್ತಾರೆ. ಅದನ್ನು ಲೋಕಕ್ಕೆ ತಿಳಿಸಿದ 1997ರ ಸಂಶೋಧನಾ ಲೇಖನದ ತಲೆಯ ಮೇಲೆ ಮೂರು ಹೆಸರಿವೆ: ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ನಡುವಿನ ಹೆಸರನ್ನು ಕಂಡು ನನ್ನ ಕಣ್ಣು ಅಲ್ಲೇ ನಿಂತಿತು. ನಂಜುಂಡಸ್ವಾಮಿ ಇಲ್ಲದ ಬೀದಿ ನಮ್ಮ ಕಡೆ ಉಂಟೆ? ಅಮೆರಿಕದ ಟೆಕ್ಸಾಸಿನಲ್ಲಿ ನಡೆದ ಕೆಲಸವೊಂದು ಒಮ್ಮೆಲೇ ನಮ್ಮ ಪಕ್ಕದ ಮನೆಯದಾದಂತೆ ತೋರಿತು. ಗುಡ್‌ಇನಫ್ ಅವರಿಗೆ 2019ರಲ್ಲಿ ನೊಬೆಲ್ ಬಂದಾಗ ವಯಸ್ಸು 97. ನಮ್ಮ ಅಳಿಯ ಕಾರು ಕೊಂಡ ತಿಂಗಳಲ್ಲೇ, 2023ರ ಜೂನ್ 25ರಂದು, ನೂರು ವರ್ಷ ಕಂಡು ತೀರಿಕೊಂಡರು. ಬ್ಯಾಟರಿಯ ಬಾಳಿಕೆಯ ಬಗ್ಗೆ ನನಗೆ ಸ್ವಲ್ಪ ಧೈರ್ಯ ಬಂದದ್ದು ಆ ವಯಸ್ಸನ್ನು ಓದಿದ ಮೇಲೆ. ಇದು ತರ್ಕವಲ್ಲ ಎಂದು ಗೊತ್ತು.

ತರ್ಕವೂ ಇದೆ. ಈ ಜಾತಿಯ ಬ್ಯಾಟರಿ ಪೂರ್ತಿ ತುಂಬಿ ಪೂರ್ತಿ ಬರಿದಾಗುವ ಸುತ್ತುಗಳನ್ನು ಎರಡು ಸಾವಿರಕ್ಕೂ ಮೇಲೆ ತಡೆಯುತ್ತದೆ ಎನ್ನುತ್ತಾರೆ. ಒಂದು ಸುತ್ತಿಗೆ ನಮ್ಮ ಕಾರು ಓಡುವುದು 180 ಕಿಲೋಮೀಟರು. 1,38,000ವನ್ನು 180ರಿಂದ ಭಾಗಿಸಿದರೆ ಸುಮಾರು 770 ಸುತ್ತು. ಎರಡು ಸಾವಿರ ಸುತ್ತಿಗೆ 3,60,000 ಕಿಲೋಮೀಟರು. ಎಂದರೆ ನಾನು ಮುದುಕ ಎಂದು ತಿಳಿದದ್ದು ಇನ್ನೂ ಮಧ್ಯವಯಸ್ಸನ್ನೂ ಮುಟ್ಟಿರಲಿಲ್ಲ. ಆದರೆ ಸುತ್ತು ಒಂದೇ ಲೆಕ್ಕವಲ್ಲ, ಬಿಸಿಲೂ ಒಂದು ಲೆಕ್ಕ. ನಿಸಾನ್ ಕಂಪನಿಯ ಲೀಫ್ ಕಾರಿನ ಮೊದಲ ಮಾದರಿಯಲ್ಲಿ ಬ್ಯಾಟರಿಯನ್ನು ದ್ರವದಿಂದ ತಂಪಾಗಿಡುವ ಏರ್ಪಾಡು ಇರಲಿಲ್ಲ. ಅಮೆರಿಕದ ಅರಿಜೋನಾದ ಉರಿಬಿಸಿಲಿನಲ್ಲಿ ಆ ಕಾರುಗಳ ಶಕ್ತಿ ಎರಡೇ ವರ್ಷಕ್ಕೆ ಇಳಿಯಿತೆಂದು 2012ರಲ್ಲಿ ದೊಡ್ಡ ಗದ್ದಲವಾಯಿತು. ನಮ್ಮ ಕಾರಿಗೆ ದ್ರವದ ತಂಪು ಇದೆ, ನಮ್ಮೂರು ಅರಿಜೋನಾವೂ ಅಲ್ಲ. ಕೆನಡಾದ ಜಿಯೋಟ್ಯಾಬ್ ಎಂಬ ಸಂಸ್ಥೆಯವರು ಸಾವಿರಾರು ವಿದ್ಯುತ್ ವಾಹನಗಳ ಲೆಕ್ಕ ತೆಗೆದು, ಬ್ಯಾಟರಿ ಸವೆಯುವುದು ಸರಾಸರಿ ವರ್ಷಕ್ಕೆ ಶೇಕಡ ಎರಡರ ಆಸುಪಾಸು ಎಂದಿದ್ದಾರೆ. ಜರ್ಮನಿಯ ಫಾನ್ ಗೆಮ್ಮಿಂಗನ್ ಎಂಬಾತ 2019ರ ಕೊನೆಗೆ ತನ್ನ ಟೆಸ್ಲಾ ಕಾರಿನಲ್ಲಿ ಹತ್ತು ಲಕ್ಷ ಕಿಲೋಮೀಟರು ಮುಗಿಸಿದ. ನಮ್ಮ ಅಳಿಯ ಇದನ್ನು ಊರೆಲ್ಲ ಸಾರಿದ. ಆ ದಾರಿಯಲ್ಲಿ ಬ್ಯಾಟರಿಯೂ ಮೋಟಾರುಗಳೂ ಬದಲಾಗಿದ್ದವು ಎಂಬುದನ್ನು ಅವನು ಹೇಳುತ್ತಿರಲಿಲ್ಲ. ಅದನ್ನು ಸೇರಿಸುವ ಕೆಲಸ ನನ್ನದಾಗಿತ್ತು.

ಹೀಗೆ ಕಾರು ಓಡತೊಡಗಿತು. ರಾತ್ರಿ ಅಕ್ಕನ ಮನೆಯ ದನದ ಕೊಟ್ಟಿಗೆಯಲ್ಲಿ (ದನ ಹೋಗಿ ಹತ್ತು ವರ್ಷವಾಗಿದೆ, ಹೆಸರು ಉಳಿದಿದೆ) ಹಾಕಿಸಿದ ಪ್ಲಗ್ಗಿಗೆ ಕಟ್ಟಿಹಾಕುವುದು, ಬೆಳಗ್ಗೆ ಬಿಚ್ಚುವುದು. ಹಾಸನಕ್ಕೆ ಹೋಗಿ ಬರಲು ಹನ್ನೊಂದು ಯೂನಿಟ್ಟು, ಎಂಬತ್ತು ರೂಪಾಯಿಯೊಳಗೆ. ಮೊದಲ ವಾರ ನಾನೇ ಇದನ್ನು ಮೂರು ಸಲ ಕೂಡಿ ನೋಡಿದೆ. ಬೀದಿಯ ತುದಿಯಲ್ಲಿ ಗ್ಯಾರೇಜು ಇಟ್ಟಿರುವ ನಮ್ಮ ಸಾಬರಿಗೆ ಮಾತ್ರ ಈ ಕಾರು ಕಂಡರೆ ಆಗುತ್ತಿರಲಿಲ್ಲ. ಮೂವತ್ತು ವರ್ಷ ಅಂಬಾಸಡರ್ ಕಾರುಗಳ ಇಂಜಿನ್ ಬಿಚ್ಚಿದ ಕೈ ಅವರದು. ಲಕ್ಷ ಕಿಲೋಮೀಟರಿಗೆ ಮೊದಲೇ ಬೋರ್ ಮಾಡಿಸಿ, ಪಿಸ್ಟನ್ ರಿಂಗ್ ಬದಲಾಯಿಸಿ ಮತ್ತೆ ಜೀವ ಕೊಡುತ್ತಿದ್ದರು. "ಆಯಿಲ್ ಇಲ್ಲ, ಕ್ಲಚ್ ಇಲ್ಲ, ಗೇರ್ ಇಲ್ಲ, ಸೈಲೆನ್ಸರ್ ಇಲ್ಲ. ಇದು ಕೆಡೋದಿಲ್ಲ ಮೇಷ್ಟ್ರೇ, ಒಂದೇ ಸಲ ಸಾಯ್ತದೆ" ಎಂದರು. ಕೆಡುವ ಅವಕಾಶವೇ ಇಲ್ಲದ ಯಂತ್ರವನ್ನು ಅವರು ನಂಬಲು ಸಿದ್ಧರಿರಲಿಲ್ಲ. ಹಳೆಯ ವೈದ್ಯರು ಇಂಜೆಕ್ಷನ್ ಬೇಡ ಎನ್ನುವ ರೋಗಿಯನ್ನು ನೋಡಿದ ಹಾಗೆ ಕಾರನ್ನು ನೋಡುತ್ತಿದ್ದರು.

ಅವರ ಮಾತು ನಿಜವಾಗುವಂತೆ ಕಂಡದ್ದು ನವೆಂಬರಿನ ಒಂದು ಗುರುವಾರ. ಹಾಸನದಿಂದ ವಾಪಸು ಬರುತ್ತಿದ್ದೆವು. ಅಕ್ಕ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ್ದಳು. ಹಿಂದಿನ ದಿನ ಬೆಂಗಳೂರಿಗೆ ಹೋಗಿ ಬಂದು ರಾತ್ರಿ ಕರೆಂಟು ಸರಿಯಾಗಿ ಇರಲಿಲ್ಲವಾದ್ದರಿಂದ ಚಾರ್ಜು ಅರ್ಧವೇ ಆಗಿತ್ತು. ಶಾಂತಿಗ್ರಾಮದ ಟೋಲು ದಾಟುವಾಗ ಶೇಕಡ 24 ಇತ್ತು. ಮನೆಗೆ ಧಾರಾಳ ಸಾಕು. ಎರಡು ಕಿಲೋಮೀಟರು ಹೋಗುವುದರಲ್ಲಿ 24 ಇದ್ದದ್ದು ನೋಡನೋಡುತ್ತಿದ್ದ ಹಾಗೆ 7 ಆಯಿತು. ಪರದೆಯ ಮೇಲೆ ಕೆಂಪು ದೀಪ. ಕಾಲು ಒತ್ತಿದರೂ ಕಾರು ಎತ್ತಿನಗಾಡಿಯ ಹಾಗೆ ಹೋಗತೊಡಗಿತು. ಅಳಿಯನ ಮುಖ ಬೆವರಿತು. ನಾನು "ನೋಡಿದೆಯಾ" ಎಂದು ಬಾಯಿ ತೆರೆದವನು ಹಿಂದೆ ಅಕ್ಕ ಇರುವುದು ನೆನಪಾಗಿ ಮುಚ್ಚಿದೆ.

ರಸ್ತೆ ಬದಿಯ ಒಂದು ಹೋಟೆಲಿನ ಮುಂದೆ ನಿಲ್ಲಿಸಿದೆವು. ಯಜಮಾನರು ಪುಣ್ಯಾತ್ಮರು. ನಾಳೆಯ ದೋಸೆಗೆ ಹಿಟ್ಟು ರುಬ್ಬುತ್ತಿದ್ದ ಯಂತ್ರದ ಪ್ಲಗ್ಗು ಕಿತ್ತು ನಮಗೆ ಕೊಟ್ಟರು. ಎರಡೂವರೆ ಗಂಟೆ ಕಾರು ಅಲ್ಲಿ ಕರೆಂಟು ಕುಡಿಯಿತು. ಅಕ್ಕ ಬೆಂಚಿನ ಮೇಲೆ ನನ್ನ ಶಾಲನ್ನು ತಲೆದಿಂಬು ಮಾಡಿಕೊಂಡು ಮಲಗಿದಳು. ಸೂಜಿ ಚುಚ್ಚಿದ ತೋಳಿನ ಪಟ್ಟಿಯಲ್ಲಿ ಸ್ವಲ್ಪ ರಕ್ತ ಒಸರಿತ್ತು. ಒಂದು ಸಲ ಕಣ್ಣು ಬಿಟ್ಟು, "ಅವನನ್ನ ಬೈಬೇಡ ಕಣೋ" ಎಂದಳು. ನಾನು ಬೈಯುವ ಸ್ಥಿತಿಯಲ್ಲಿರಲಿಲ್ಲ.

ಆಮೇಲೆ ತಿಳಿದ ಕಾರಣ ಇಷ್ಟು. ದೊಡ್ಡ ಬ್ಯಾಟರಿ ಎಂಬುದು ಒಂದು ವಸ್ತುವಲ್ಲ, ನೂರಾರು ಸಣ್ಣ ಕೋಶಗಳು ಸಾಲಾಗಿ ಕೈಹಿಡಿದು ನಿಂತ ಒಂದು ಸಂಸಾರ. ಸಾಲಿನಲ್ಲಿ ಎಲ್ಲಕ್ಕಿಂತ ನಿತ್ರಾಣವಾದ ಕೋಶಕ್ಕೆ ಎಷ್ಟು ಶಕ್ತಿಯೋ ಇಡೀ ಸಾಲಿಗೆ ಅಷ್ಟೇ ಶಕ್ತಿ. ಅದು ಸಾಕಪ್ಪಾ ಎಂದ ಕೂಡಲೇ, ಉಳಿದವು ಗಟ್ಟಿಮುಟ್ಟಾಗಿದ್ದರೂ ಒಳಗಿನ ಕಾವಲುಗಾರ ಯಂತ್ರ ಎಲ್ಲರನ್ನೂ ನಿಲ್ಲಿಸುತ್ತದೆ. ಇದಲ್ಲದೆ ಈ ಜಾತಿಯ ಬ್ಯಾಟರಿಯ ವೋಲ್ಟೇಜು ಬಯಲುಸೀಮೆಯ ರಸ್ತೆಯ ಹಾಗೆ, ಉದ್ದಕ್ಕೂ ಮಟ್ಟಸ. ಮುಕ್ಕಾಲು ತುಂಬಿದಾಗಲೂ ಕಾಲುಭಾಗ ಉಳಿದಾಗಲೂ ಹೆಚ್ಚು ವ್ಯತ್ಯಾಸ ಕಾಣದು. ಆದ್ದರಿಂದ ಆಗಾಗ ನೂರಕ್ಕೆ ನೂರು ತುಂಬಿಸದಿದ್ದರೆ ಕಾರಿಗೆ ತನ್ನ ಹೊಟ್ಟೆಯಲ್ಲಿ ಎಷ್ಟಿದೆ ಎಂಬ ಲೆಕ್ಕವೇ ತಪ್ಪುತ್ತದೆ. ಲೆಕ್ಕ ತಪ್ಪಿದ ಕಾರೂ ಹೌದು, ಒಂದು ಕೋಶದ ಗುಂಪು ನಿಜವಾಗಿ ಸೋತದ್ದೂ ಹೌದು.

ಮೀಟರು ಆಗ 1,52,000 ದಾಟಿತ್ತು. ಬ್ಯಾಟರಿಗೆ ಕಂಪನಿ ಕೊಟ್ಟ ಭರವಸೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರು, ಯಾವುದು ಮೊದಲೋ ಅದು. ಎಂದರೆ ಗಡುವು ಮುಗಿಯಲು ಮೂರು ತಿಂಗಳ ಓಟ ಉಳಿದಿತ್ತು. ಸೋತ ಭಾಗವನ್ನು ಪುಕ್ಕಟೆಯಾಗಿ ಬದಲಾಯಿಸಿಕೊಟ್ಟರು, ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ಹಿಡಿದದ್ದು ಹತ್ತೊಂಬತ್ತು ದಿನ. ಆ ಬ್ಯಾಟರಿಯನ್ನು ಬಿಚ್ಚುವ ತರಬೇತಿ ಪಡೆದವನು ರಜದ ಮೇಲೆ ಹೋಗಿದ್ದ, ಬಂದ ಮೇಲೆ ಭಾಗ ಬಂದಿರಲಿಲ್ಲ, ಭಾಗ ಬಂದಾಗ ಒಂದು ಸಹಿ ಬಂದಿರಲಿಲ್ಲ. ಸಾಬರು ದಿನಾ ಸಂಜೆ ಬಂದು, "ನನಗೆ ಮುಟ್ಟಕ್ಕೆ ಬುಡಿ ಅಂದ್ರೆ ಬುಡಲ್ಲ ಅಂತಾರೆ" ಎಂದು ಕೈ ಹಿಸುಕಿಕೊಳ್ಳುತ್ತಿದ್ದರು. ಮುನ್ನೂರು ವೋಲ್ಟಿನ ಮೇಲಿರುವ ಆ ಪೆಟ್ಟಿಗೆಗೆ ಕೈ ಹಾಕಬಾರದೆಂಬುದು ಸರಿಯೇ. ಆದರೆ ಅಂಬಾಸಡರ್ ಕೆಟ್ಟರೆ ಉದಯಪುರದಲ್ಲೂ ರಿಪೇರಿಯಾಗುತ್ತಿತ್ತು. ಇದು ಹತ್ತು ಪಾಲು ಕಡಿಮೆ ಕೆಡಬಹುದು, ಕೆಟ್ಟರೆ ಮಾತ್ರ ನಮ್ಮೂರಿನಲ್ಲಿ ಗತಿಯಿಲ್ಲ. ಬಾಳಿಕೆ ಎಂಬ ಮಾತನ್ನು ಕಂಪನಿಯವರು ಕಿಲೋಮೀಟರಿನಲ್ಲಿ ಅಳೆಯುತ್ತಾರೆ. ನಾವು ಆ ಹತ್ತೊಂಬತ್ತು ದಿನ ಸೋಮವಾರ ಗುರುವಾರಗಳಲ್ಲಿ ಅಳೆದೆವು. ಬಾಡಿಗೆ ಕಾರು ಸಿಗದ ಒಂದು ಸೋಮವಾರ ಅಕ್ಕನನ್ನು ಸರ್ಕಾರಿ ಬಸ್ಸಿನಲ್ಲಿ ಕರೆತಂದೆ. ಬರುವಾಗ ಅವಳಿಗೆ ಕಣ್ಣು ಕತ್ತಲೆ ಬಂದು ಪಕ್ಕದ ಸೀಟಿನ ಹೆಣ್ಣುಮಗಳ ತೊಡೆಯ ಮೇಲೆ ಕುಸಿದಳು. ಆ ತಾಯಿ ಇಳಿಯಬೇಕಾದ ಊರು ದಾಟಿದರೂ ಇಳಿಯದೆ ನಮ್ಮ ಜೊತೆ ಪಟ್ಟಣದವರೆಗೆ ಬಂದಳು.

ಕಾರು ವಾಪಸು ಬಂದ ದಿನ ಸಾಯಂಕಾಲ ನಾನು ಸೊಸೈಟಿಗೆ ಹೋಗಿ ಅಕ್ಕನ ಸರ ಬಿಡಿಸಿದೆ. ಬ್ಯಾಟರಿ ಸರಿಹೋಯಿತೆಂಬ ನಂಬಿಕೆಯಿಂದ ಅಲ್ಲ. ಅದು ಮತ್ತೆ ಕೆಡಬಹುದೆಂದು ನನಗೆ ಆಗ ಖಾತ್ರಿಯಾಗಿತ್ತು. ಕೆಟ್ಟಾಗ ಅವಳ ಕೊರಳಲ್ಲಿ ಸರ ಇರಲಿ ಎಂದು.

2024ರ ಮಾರ್ಚಿನಲ್ಲಿ ಮೀಟರು 1,60,000 ದಾಟಿತು. ದಾಟುವುದನ್ನು ನೋಡಲೇಬೇಕೆಂದು ನಾನು ಮುಂದಿನ ಸೀಟಿನಲ್ಲಿ ಕೂತಿದ್ದೆ. ಉದಯಪುರ ಬಿಟ್ಟು ಸ್ವಲ್ಪ ದೂರದಲ್ಲಿ ಅಂಕಿ ಬದಲಾಯಿತು. ಏನೂ ಆಗಲಿಲ್ಲ. "ಇನ್ನು ಮೇಲೆ ರಂಗನಾಥಸ್ವಾಮಿ ವಾರಂಟಿ ಮಾವ" ಎಂದ ಅಳಿಯ. ಅಕ್ಕ ಹಿಂದಿನಿಂದ, "ನಂದೂ ಅದೇ" ಎಂದಳು.

ಮುಂದಿನ ಆಷಾಢದ ಮಳೆಯಲ್ಲಿ ಕಾರು ಮತ್ತೊಂದು ಸಲ ಸತ್ತಿತು. ಬೆಳಗ್ಗೆ ಏಳು ಗಂಟೆ, ಹಾಸನದಲ್ಲಿ ಒಂಬತ್ತಕ್ಕೆ ಅಕ್ಕನ ಸರದಿ. ಕೊಟ್ಟಿಗೆಗೆ ಹೋದರೆ ಬಾಗಿಲೇ ತೆಗೆಯದು. ಹಾಗೂ ಹೀಗೂ ಬೀಗದ ಕೈಯಿಂದ ತೆಗೆದರೆ ಪರದೆ ಕಪ್ಪು. ರಾತ್ರಿಯೆಲ್ಲ ಚಾರ್ಜು ಆಗಿದೆ, ಹೊಟ್ಟೆ ತುಂಬ ಕರೆಂಟಿದೆ, ಆದರೆ ಒಂದು ದೀಪವೂ ಇಲ್ಲ. ಭಾನುವಾರ ಇಡೀ ದಿನ ಅಕ್ಕನ ಕಾಲು ಊದಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಸೋಮವಾರ ತಪ್ಪುವ ಹಾಗೇ ಇರಲಿಲ್ಲ. ಅಳಿಯ ತಲೆಯ ಮೇಲೆ ಕೈ ಹೊತ್ತು ಕೂತ. ನಾನು ಸಾಬರ ಮನೆಗೆ ಓಡಿದೆ.

ಸಾಬರು ಲುಂಗಿಯಲ್ಲೇ ಬಂದರು. ಬಾನೆಟ್ಟು ತೆಗೆದು ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನು ಭಯಭಕ್ತಿಯಿಂದ ನೋಡಿದರು. ಅವುಗಳ ಪಕ್ಕ ಒಂದು ಮೂಲೆಯಲ್ಲಿ ಕೂತಿದ್ದ ಚಿಕ್ಕ ಕರಿಯ ಪೆಟ್ಟಿಗೆಯ ಮೇಲೆ ಅವರ ಕಣ್ಣು ಬಿತ್ತು. ಅವರ ಮುಖ ಅರಳಿದ್ದನ್ನು ನಾನು ಮರೆಯಲಾರೆ. "ಯಾ ಅಲ್ಲಾ! ಇದು ನಮ್ಮದೇ ಅಲ್ವಾ!" ಎಂದರು. ಹನ್ನೆರಡು ವೋಲ್ಟಿನ ಮಾಮೂಲು ಸೀಸದ ಬ್ಯಾಟರಿ. ದೊಡ್ಡ ಬ್ಯಾಟರಿಯ ಬಾಗಿಲು ತೆರೆಯುವ ಸ್ವಿಚ್ಚು, ಕಂಪ್ಯೂಟರು, ದೀಪ, ಬೀಗ ಎಲ್ಲಕ್ಕೂ ಅಪ್ಪಣೆ ಕೊಡುವುದು ಈ ಚಿಕ್ಕದು. ಇದು ಸತ್ತರೆ ದೊಡ್ಡದು ತುಂಬಿದ ಕಣಜಕ್ಕೆ ಬೀಗ ಬಿದ್ದಂತೆ. 1859ರಲ್ಲಿ ಪ್ಲಾಂಟೆ ಎಂಬ ಫ್ರೆಂಚಿನವನು ಕಂಡುಹಿಡಿದ ಅದೇ ಸೀಸ, ಅದೇ ಆಮ್ಲ, ನಮ್ಮ ಇನ್‌ವರ್ಟರಿನ ಅದೇ ದಾಯಾದಿ, ನಂಜುಂಡಸ್ವಾಮಿಯವರ ಲಿಥಿಯಂ ಪಕ್ಕದಲ್ಲಿ ಕೂತು ಕೈಕೊಟ್ಟಿತ್ತು.

ಸಾಬರು ಎದುರು ಮನೆಯವರ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿಸಿ ತಂದು, ಎರಡು ತಂತಿ ಹಿಡಿದರು. ಪರದೆ ಬೆಳಗಿತು. ಶೇಕಡ 100 ಎಂದು ಏನೂ ಆಗದವರ ಹಾಗೆ ತೋರಿಸಿತು. ಒಂಬತ್ತೂ ಹತ್ತು ನಿಮಿಷಕ್ಕೆ ಅಕ್ಕ ಯಂತ್ರದ ಮುಂದೆ ಮಲಗಿದ್ದಳು. ಮಾರನೆಯ ದಿನ ಸಾಬರೇ ಹೊಸ ಚಿಕ್ಕ ಬ್ಯಾಟರಿ ಹಾಕಿಕೊಟ್ಟರು. ಅಂದಿನಿಂದ ಅವರಿಗೂ ಕಾರಿಗೂ ಸ್ನೇಹ. ಮೂರು ವರ್ಷಕ್ಕೊಮ್ಮೆ ಕೆಟ್ಟರೂ ಕೆಡದಿದ್ದರೂ ಅದನ್ನು ಬದಲಾಯಿಸಬೇಕು ಎಂದು ನನ್ನ ಪುಸ್ತಕದಲ್ಲಿ ಅವರ ಕೈಯಿಂದಲೇ ಬರೆಸಿದ್ದೇನೆ.

ಈ ಎರಡು ಬಿಟ್ಟರೆ ಪುಸ್ತಕದಲ್ಲಿ ಇರುವುದೆಲ್ಲ ಚಿಲ್ಲರೆ. ಮುಂದಿನ ಚಕ್ರಗಳ ಬೇರಿಂಗು ಒಮ್ಮೆ, ಸಸ್ಪೆನ್ಷನ್ನಿನ ಬುಷ್ಷುಗಳು ಎರಡು ಸಲ. ಕಾರಿನ ತೂಕ ಹೆಚ್ಚು, ನಮ್ಮ ಹಳ್ಳಿಯ ರಸ್ತೆಗಳ ಗುಣ ಎಲ್ಲರಿಗೂ ಗೊತ್ತು. ಟೈರುಗಳು ಬೇಗ ಸವೆಯುತ್ತವೆ. ಬ್ರೇಕು ಮಾತ್ರ ಸವೆಯುವುದೇ ಇಲ್ಲ. ಕಾಲು ತೆಗೆದರೆ ಮೋಟಾರೇ ಕಾರನ್ನು ಹಿಡಿದು ನಿಲ್ಲಿಸಿ, ಆ ವೇಗವನ್ನು ಮತ್ತೆ ಕರೆಂಟು ಮಾಡಿ ಒಳಗೆ ಹಾಕಿಕೊಳ್ಳುತ್ತದೆ. ಇದೊಂದು ಗುಣ ನಮ್ಮ ಅಕ್ಕನದು, ಏನನ್ನೂ ಚೆಲ್ಲುವವಳಲ್ಲ. ಅಳಿಯ ಮೊಬೈಲಿಗೆ ಒಂದು ಚಿಕ್ಕ ಯಂತ್ರ ಸಿಕ್ಕಿಸಿ ಬ್ಯಾಟರಿಯ ಆರೋಗ್ಯ ಎಷ್ಟೆಂದು ತೋರಿಸುತ್ತಾನೆ. ಕೊಂಡಾಗ ಶೇಕಡ 89 ಇತ್ತು. ಮೊನ್ನೆ, 2025ರ ಅಕ್ಟೋಬರಿನಲ್ಲಿ, ಮೀಟರು 2,11,300 ತೋರಿಸಿದ ದಿನ 84 ಇತ್ತು. ಹೊಸದರಲ್ಲಿ ಎಷ್ಟು ಓಡುತ್ತಿತ್ತೋ ಏನೋ, ಈಗ 165ರಿಂದ 170. ಹಾಸನಕ್ಕೆ ಎರಡು ಸಲ ಹೋಗಿ ಬರಬಹುದು.

ಅದೇ ವಾರ ಅರಸೀಕೆರೆ ಕಡೆಯವರೊಬ್ಬರು ಕಾರು ನೋಡಲು ಬಂದರು. ನನ್ನ ವಯಸ್ಸಿನವರು, ತಲೆಗೆ ಟವೆಲು ಸುತ್ತಿದ್ದರು, ಮಗನಿಗೆ ಬಾಡಿಗೆ ಓಡಿಸಲು ಬೇಕಂತೆ. ಅಳಿಯನಿಗೆ ಇದನ್ನು ಮಾರಿ ಹೊಸದು ಕೊಳ್ಳುವ ಆಸೆ. ಬಂದವರು ಕಾರಿನ ಸುತ್ತ ಮೂರು ಸಲ ತಿರುಗಿದರು. ಟೈರು ಒದ್ದರು. ಬಾಗಿಲು ಹಾಕಿ ತೆಗೆದು ಕಿವಿಗೊಟ್ಟರು. ಇನ್ನೇನು ನೋಡಬೇಕೆಂದು ತೋಚದೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಇದರ ಹಲ್ಲು ಯಾವ ಕಡೆ ನೋಡೋದು?" ಎಂದರು.

ನಾನು ಒಳಗೆ ಹೋಗಿ ನೋಟ್‌ಬುಕ್ ತಂದು ಅವರ ಕೈಗಿಟ್ಟೆ. ಅಳಿಯ ಕಣ್ಣಿನಲ್ಲೇ ಬೇಡ ಎಂದ. ಆದರೂ ಶಾಂತಿಗ್ರಾಮದ ಗುರುವಾರದ ಪುಟವನ್ನು ನಾನೇ ತೆಗೆದು ತೋರಿಸಿದೆ. ಹತ್ತೊಂಬತ್ತು ದಿನದ್ದೂ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಅರ್ಧ ಗಂಟೆ ಓದಿದರು. ಓದಿ ಮುಗಿಸಿ, ಅಳಿಯ ಹೇಳಿದ್ದಕ್ಕಿಂತ ನಲವತ್ತು ಸಾವಿರ ಕಡಿಮೆ ಕೇಳಿದರು. "ಪುಸ್ತಕಾನೂ ಕೊಡ್ತೀರಾ?" ಎಂದೂ ಕೇಳಿದರು.

ಅಳಿಯ ನನ್ನನ್ನು ನೋಡಿದ, ನಾನು ಅಕ್ಕನನ್ನು ನೋಡಿದೆ. ಅಕ್ಕ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು.

"ಹೊಸ ಕಾರು ಯಾವತ್ತು ಬತ್ತದೋ?" ಎಂದಳು.

"ಹದಿನೈದು ಇಪ್ಪತ್ತು ದಿನ ಆಗಬಹುದು ಅವ್ವ."

"ಹಂಗಾದ್ರೆ ಅದು ಬಂದಮ್ಯಾಕೆ ಕೊಡು. ನಾಳೆ ಗುರುವಾರ."

ಬಂದವರು ಎಳನೀರು ಕುಡಿದು, ಮತ್ತೆ ಬರುತ್ತೇನೆಂದು ಹೇಳಿ ಹೊರಟರು. ಕತ್ತಲಾದ ಮೇಲೆ ಕೊಟ್ಟಿಗೆಗೆ ಹೋಗಿ ನಾನೇ ಪ್ಲಗ್ಗು ಸಿಕ್ಕಿಸಿದೆ. ಶೇಕಡ 31 ಇತ್ತು, ಬರೆದುಕೊಂಡೆ.